ಮೊದಲು ಗುಂಡಿ, ಆಮೇಲೆ ಪುಸ್ತಕ

ನನ್ನ ಕ್ಯಾಮೆರಾಕ್ಕೆ ಬ್ಯಾಟರಿ ಬೇಕಿಲ್ಲ. ಬಲಗಡೆಯ ಲಿವರ್ ಎಳೆದರೆ ಫಿಲ್ಮ್ ಒಂದು ಚಿತ್ರದಷ್ಟು ಮುಂದೆ ಸರಿಯುತ್ತದೆ, ಅದರ ಜೊತೆಗೆ ಎಡಗಡೆಯ ಗುಂಡಿಯೂ ತಿರುಗುತ್ತದೆ. ಗುಂಡಿ ತಿರುಗಿದರೆ ಫಿಲ್ಮ್ ಸರಿಯಾಗಿ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ನಿವೃತ್ತಿಯವರೆಗೆ ದುಡಿದ ನನಗೆ ಇಷ್ಟು ನೇರವಾದ ಯಂತ್ರದ ಮೇಲೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ತೆಗೆದ ಪ್ರತಿ ಚಿತ್ರಕ್ಕೂ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತೇನೆ: ಕ್ರಮಸಂಖ್ಯೆ, ಬೆಳಕು, ವೇಗ, ದೂರ.

ಗಚ್ಚಿಬೌಲಿಯಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ಕಾಲ. ಬೆಳಿಗ್ಗೆ ಆರೂವರೆಗೆ ಅತ್ತ ನಡೆದುಹೋಗುವುದು ನನ್ನ ನಿಯಮ. ಒಂದು ದಿನ ಅರ್ಧ ಎದ್ದ ಕಟ್ಟಡವೊಂದರಿಂದ ನಮ್ಮ ಕಡೆಯ ಕನ್ನಡ ಕೇಳಿಸಿತು.

“ಏನ್ರಿ ಸಾಹೇಬ್ರ, ದಿನಾ ಆ ಡಬ್ಬಿ ಕೊಳ್ಳಾಗ ಹಾಕ್ಕೊಂಡು ಅಡ್ಡಾಡ್ತೀರಿ. ನಮ್ದೊಂದು ಫೋಟೋ ಹೊಡಿಯಾಕ ಬರಂಗಿಲ್ಲೇನು?”

ಯಾದಗಿರಿ ಕಡೆಯ ಹೆಂಗಸು. ಗಂಡ ಗೌಂಡಿ, ಈಕೆ ಅವನಿಗೆ ಸಿಮೆಂಟ್ ಹೊತ್ತು ಕೊಡುವವಳು. ಮೂರನೇ ಅಂತಸ್ತಿನ ಮೆಟ್ಟಿಲು ಕಟ್ಟಿದ್ದು ಅವರಿಬ್ಬರೇ. ಅದರ ಮೇಲೆ ನಿಂತ ಫೋಟೋ ಆಕೆಗೆ ಬೇಕಾಗಿತ್ತು.

“ಇಷ್ಟು ಎತ್ತರಕ್ಕ ಏರ್ತೀನಂದ್ರ ನಮ್ಮವ್ವ ನಂಬವಲ್ಲಳ್ರಿ. ಗಾಜು ಕೂಡ್ಸಿದ ಮ್ಯಾಲ ನಮ್ಮನ್ನ ಒಳಗ ಯಾರು ಬಿಡ್ತಾರ?”

ಗಂಡ ಸೆಟೆದು ನಿಂತ. “ಪೊಲೀಸ್ರು ಹಿಡಿದಾರೇನು? ಸ್ವಲ್ಪ ನಗು” ಎಂದು ಹೆಂಡತಿ ತಿವಿದಳು. ಎರಡು ಚಿತ್ರ ತೆಗೆದು, ಮೂವತ್ತೊಂದು, ಮೂವತ್ತೆರಡು ಎಂದು ಬರೆದುಕೊಂಡೆ.

ಕೆಲವು ದಿನಗಳಲ್ಲಿ ಎಣಿಕೆ ಒಂದು ರೋಲಿನ ಮಿತಿಯಾದ ಮೂವತ್ತಾರನ್ನು ದಾಟಿತು. ಅಲ್ಲಿಗೆ ಬಿಗಿಯಾಗಬೇಕಾದ ಲಿವರ್ ಮೂವತ್ತೊಂಬತ್ತಕ್ಕೂ ಸಲೀಸಾಗಿ ಬಂದಾಗ ನನಗೆ ಅನುಮಾನ ಬಂತು. ಹಿಂಬದಿ ತೆರೆದು ನೋಡಿದರೆ ಫಿಲ್ಮಿನ ತುದಿ ಸಿಕ್ಕಿಕೊಂಡೇ ಇರಲಿಲ್ಲ. ಫಿಲ್ಮ್ ಹಾಕಿದ ದಿನ ನಾನು ಪುಸ್ತಕದ ಹೊಸ ಪುಟಕ್ಕೆ ತಲೆಬರಹ ಬರೆಯುತ್ತ, ಗುಂಡಿಯ ಕಡೆ ನೋಡದೆ ಲಿವರ್ ಎಳೆದಿದ್ದೆ. ಪುಸ್ತಕದಲ್ಲಿ ಮೂವತ್ತೊಂಬತ್ತು ಸಾಲು ದುಂಡಗಿನ ಅಕ್ಷರದಲ್ಲಿದ್ದವು, ಚಿತ್ರ ಮಾತ್ರ ಒಂದೂ ಇರಲಿಲ್ಲ. ಕಾರ್ಖಾನೆಯಲ್ಲಿ ನೋಡದೆ ಸಹಿ ಹಾಕಿದವರಿಗೆ ನಾನೇ ಮೆಮೊ ಕೊಟ್ಟಿದ್ದುಂಟು.

ಮರುದಿನ ಹೋದಾಗ ಗಾಜು ಕೂರಿಸುತ್ತಿದ್ದರು. ಗಂಡ ಹೆಂಡಿರು ಶಂಶಾಬಾದಿನ ಕೆಲಸಕ್ಕೆ ಹೋಗಿದ್ದರು. ಮೇಸ್ತ್ರಿಯಿಂದ ಜಾಗ ತಿಳಿದುಕೊಂಡು, ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ ಹೋಗಿ, ಗುಂಡಿ ತಿರುಗಿತೇ ಎಂದು ನೋಡದೆ ಕೆಟ್ಟದ್ದನ್ನು ನೇರವಾಗಿ ಹೇಳಿದೆ.

“ಅಂದ್ರ ಖಾಲಿ ಡಬ್ಬಿ ನೋಡಿ ನಕ್ಕೇವೇನ್ರಿ ನಾವು?” ಎಂದು ಆಕೆ ಜೋರಾಗಿ ನಕ್ಕಳು. ಆಮೇಲೆ ದನಿ ಇಳಿಯಿತು. “ಫೋಟೋ ತರ್ತೀನಂತ ಅವ್ವಗ ಹೇಳಿಬಿಟ್ಟೀನ್ರಿ.”

ಅವರ ರಜೆಯ ದಿನ ಮೂವರೂ ಗಚ್ಚಿಬೌಲಿಗೆ ಬಂದೆವು. ಅಷ್ಟರಲ್ಲಿ ಗೇಟಿಗೆ ಕಾವಲುಗಾರ ಬಂದಿದ್ದ. “ಕಾರ್ಡ್ ಹೋನಾ ಚಾಚಾ. ಅಂದರ್ ನಕ್ಕೋ ಜಾವ್” ಎಂದು ಕಾರ್ಡಿಲ್ಲದ ನಮ್ಮನ್ನು ಒಳಗೆ ಬಿಡದೆ ತಡೆದ. ನಾನು ವಾದಕ್ಕಿಳಿದೆ. ಅವನು ಜಗ್ಗಲಿಲ್ಲ.

“ಬಿಡ್ರಿ ಸಾಹೇಬ್ರ. ರಸ್ತಾ ದಾಟಿ ನಿಲ್ಲೋಣು. ಇಡೀ ಕಟ್ಟಡನ ಬರ್ಲಿ” ಎಂದಳು ಆಕೆ.

ರಸ್ತೆಯ ಆಚೆ ಇಬ್ಬರನ್ನೂ ನಿಲ್ಲಿಸಿದೆ. ಅದೇ ಫಿಲ್ಮನ್ನು ಮತ್ತೆ ಹಾಕಿಕೊಂಡಿದ್ದೆ. ಇನ್ನೇನು ಲಿವರ್ ಎಳೆಯಬೇಕು, ಆಕೆ ಜಾಗ ಬಿಟ್ಟು ನನ್ನ ಹತ್ತಿರ ಬಂದಳು.

“ಗುಂಡಿ ತಿರಗತೈತೇನ್ರಿ? ಮೊದ್ಲ ತೋರಿಸ್ರಿ.”

ಲಿವರ್ ಎಳೆದೆ. ಮೂವರ ಕಣ್ಣೆದುರಿಗೇ ಗುಂಡಿ ಮೆಲ್ಲಗೆ ತಿರುಗಿತು. “ಹಾಂ, ಈಗ ಹೊಡೀರಿ” ಎಂದು ಹೋಗಿ ನಿಂತು, ಮೂರನೇ ಅಂತಸ್ತಿನ ಕಡೆ ಕೈ ಮಾಡಿದಳು. ಈ ಸಲ ಗಂಡ ಹೇಳಿಸಿಕೊಳ್ಳದೆ ನಕ್ಕ.

ಚಿತ್ರ ತೊಳೆಸಿ ಶಂಶಾಬಾದಿಗೆ ಒಯ್ದು ಕೊಟ್ಟೆ. ಮೆಟ್ಟಿಲು ಕಾಣುತ್ತಿರಲಿಲ್ಲ, ಗಾಜಿನ ತುಂಬ ಆಕಾಶವಿತ್ತು. ಆಕೆ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

“ಈ ಗಾಜಿನ ಹಿಂದ ಐತ್ರಿ ನಮ್ಮ ಮೆಟ್ಟಲ. ಎಲ್ಲಿ ಐತಂತ ಅವ್ವಗ ನಾನು ಬಟ್ಟು ಇಟ್ಟು ತೋರಸ್ತೀನಿ” ಎಂದು ಫೋಟೋವನ್ನು ಸೆರಗಿನಿಂದ ಒರೆಸಿ, ಎರಡು ರಟ್ಟಿನ ನಡುವೆ ಇಟ್ಟುಕೊಂಡಳು.