ಹಾರಿದ ತಟ್ಟೆಗೆ ಸರ್ಕಾರದ ಉತ್ತರ

ಉತ್ತರ ಸಿಗದ ಪ್ರಶ್ನೆಯೆಂದರೆ ತೆಕ್ಕಟ್ಟೆಯ ಉಮಾನಾಥ ಶೆಟ್ಟರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು. ತೆಗೆಯುವ ತನಕ ಸಮಾಧಾನವಿಲ್ಲ. ಮೂವತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಬಂದ ಮೇಲೆ ಆ ಚಟ ಇನ್ನೂ ಬೆಳೆಯಿತು. ಹಾಡುಹಗಲೇ ಬೀದಿದೀಪ ಉರಿಯುವುದೇಕೆ, ಎರಡು ಫಲಕಗಳಲ್ಲಿ ಒಂದೇ ಊರಿನ ಹೆಸರು ಎರಡು ಬಗೆ ಏಕೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದರು. ತಮಾಷೆಯೆಂದರೆ, ಸರ್ಕಾರ ಉತ್ತರವನ್ನೂ ಕೊಡುತ್ತಿತ್ತು.

ಒಂದು ಮುಸ್ಸಂಜೆ ಊರ ಶಾಲೆಯ ಹಿಂದಿನ ಗದ್ದೆಯ ಮೇಲೆ ದುಂಡನೆಯ ಬೆಳಕೊಂದು ಎದ್ದು, ಸದ್ದಿಲ್ಲದೆ ನಿಂತು, ಸರ್ರನೆ ಹೋದದ್ದನ್ನು ಅವರು ಕಂಡರು. ಹಾರುವ ತಟ್ಟೆಗಳ ಬಗ್ಗೆ ಪೇಪರಿನಲ್ಲಿ ಓದಿದ್ದರು. ಹೆಂಡತಿ ಪ್ರಭಾವತಿ ಒಂದೇ ಮಾತಿನಲ್ಲಿ ಮುಗಿಸಿದರು: "ಕಣ್ಣಿನ್ ಡಾಕ್ಟ್ರ ಹತ್ರ ಹೋಪ ಅಂದ್ರೆ ನೀವ್ ಕೇಂಬುದಿಲ್ಲ." ಅಂಗಡಿಕಟ್ಟೆಯವರೂ ನಕ್ಕರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯನಿಗೆ ಆ ನಗು ಚುಚ್ಚಿತು. ಹೌದು, ಏನೋ ಇತ್ತು ಎಂದು ಸರ್ಕಾರ ಒಂದು ಕಾಗದ ಕೊಟ್ಟರೆ ಸಾಕಿತ್ತು.

ಕಂಡದ್ದು ಶಾಲೆಯ ಹಿಂದಾದ್ದರಿಂದ ಶಿಕ್ಷಣ ಇಲಾಖೆಗೇ ಅರ್ಜಿ ಹಾಕಿದರು. ಉದ್ದ ಬರೆದರೆ ಯಾರೂ ಓದರೆಂದು ಚುಟುಕಾಗಿ ಬರೆದರು: "ಹನ್ನೆರಡನೇ ತಾರೀಕಿನ ಸಂಜೆ ಶಾಲೆಯ ಹಿಂದಿನಿಂದ ತಟ್ಟೆ ಹಾರಿದೆ. ಇದು ಯಾರ ಕೆಲಸ, ಇಲಾಖೆಗೆ ಗೊತ್ತೇ?"

ಮೂರು ವಾರಕ್ಕೆ ಉತ್ತರ ಬಂತು. "ಬಿಸಿಯೂಟದ ತಟ್ಟೆಗಳು ಹಾರಿದ ಕುರಿತು ಅಡುಗೆಯವರಿಂದ ವಿವರಣೆ ಕೇಳಲಾಗಿದೆ. ತನಿಖೆ ಮುಗಿಯುವವರೆಗೆ ಅವರನ್ನು ಕೆಲಸದಿಂದ ದೂರ ಇಡಲಾಗಿದೆ."

ಶೆಟ್ಟರು ಕಾಗದವನ್ನು ಎರಡೆರಡು ಸಲ ಓದಿದರು. ಸಾಮಾನು ಹಾರಿತು ಎಂದರೆ ಯಾರೋ ಕದ್ದರು ಎಂದೇ ಅಲ್ಲವೇ ನಮ್ಮ ಮಾತು. ಆ ಅಡುಗೆಯವಳು ಬಾಗಿ, ಹತ್ತು ವರ್ಷದಲ್ಲಿ ಶಾಲೆಯ ಒಂದು ಚಮಚವನ್ನೂ ಮನೆಗೆ ಒಯ್ಯದ ಹೆಂಗಸು.

ಮರುದಿನವೇ ಬಸ್ಸು ಹತ್ತಿ ಕಚೇರಿಗೆ ಓಡಿದರು. ಅಧಿಕಾರಿ ಸ್ವರ್ಣಲತಾ ಎಲ್ಲವನ್ನೂ ಕೇಳಿ ನಗು ತಡೆದುಕೊಂಡರು. "ಆಕಾಶದ್ ತಟ್ಟೆಗೆ ನಮ್ಮಲ್ಲ್ ಫೈಲ್ ಇಲ್ಲೆ ಶೆಟ್ರೆ. ಬೇರೆ ಇಲಾಖೆಗೆ ಕಳ್ಸ್ಬೇಕ್. ಅಲ್ಲಿಂದ್ ಉತ್ರ ಬಪ್ಪು ತನ್ಕ ಬಾಗಿ ಮನೇಲೇ. ತಟ್ಟೆ ಹಾರಿದ್ದ್ ಕಾಣ್ಲೇ ಇಲ್ಲೆ ಅಂದೇಳಿ ಬರ್ದ್ ಕೊಡಿ, ಇವತ್ತೇ ಮುಗ್ಸ್ತೆ."

"ಕಂಡದ್ದಂತೂ ಹೌದಲ್ದಾ ಮೇಡಂ?"

"ಕಂಡಿರ್ಬೌದ್. ಆದ್ರೆ ಬಾಗಿ ಕೆಲ್ಸ?"

ಶೆಟ್ಟರು ಪೆನ್ನು ಹಿಡಿದು, ಕೊನೆಗೆ 'ನಾನು ಯಾವ ತಟ್ಟೆಯನ್ನೂ ಕಂಡಿಲ್ಲ' ಎಂದು ಬರೆದು ಸಹಿ ಹಾಕಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ವಾರದೊಳಗೆ ಬಾಗಿ ಕೆಲಸಕ್ಕೆ ಮರಳಿದಳು. ಶೆಟ್ಟರು ತಪ್ಪಾಯಿತೆಂದು ಹೇಳಲು ಶಾಲೆಯ ಅಡುಗೆಮನೆಯ ಬಾಗಿಲಿಗೆ ಹೋದರು.

"ಹ್ವಾಯ್ ಶೆಟ್ರೆ, ಎಂತದೂ ಕಾಣ್ಲಿಲ್ಲೆ ಅಂದೇಳಿ ಬರ್ದ್ ಕೊಟ್ರಂಬ್ರಲೆ?" ಎಂದಳು ಬಾಗಿ.

"ಹೌದ್ ಬಾಗಿ. ನಿನ್ ಕೆಲ್ಸ ಹೋಪುಕ್ ಆಗ ಅಲ್ದಾ."

ಬಾಗಿ ಆಚೀಚೆ ನೋಡಿ ದನಿ ತಗ್ಗಿಸಿದಳು. "ನಾನೂ ಕಂಡಿದ್ದೆ. ಗದ್ದೆ ಬದಿಂದ ಹುಲ್ಲ್ ಹೊತ್ಕಂಡ್ ಬಪ್ಪ ಹೊತ್ತಿಗೆ. ಊರೆಲ್ಲ ನಿಮ್ಮನ್ನ್ ಕಂಡ್ ನೆಗಾಡ್ತಿತ್ತಲೆ, ಹಾಂಗಾಯಿ ನಾ ಬಾಯಿ ಬಿಡ್ಲಿಲ್ಲೆ."

ಶೆಟ್ಟರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

"ಅದ್ ಯಾವ್ ಬದಿಗ್ ಹೋಯ್ತ್, ಬಾಗಿ?" ಎಂದು ಕೇಳಿದರು.