ನಗಬೇಕು ಅಂದರು ಡಾಕ್ಟರು

ಮೊದಲು ಗೊತ್ತಾದದ್ದು ಒಲೆಯ ಮುಂದೆ.

ಬೆಳಿಗ್ಗೆ ಚಹಾಕ್ಕಿಡಲು ಕೂತಿದ್ದೆ. ಹತ್ತಿಕಟ್ಟಿಗೆ ಹೊತ್ತದೆ ಹೊಗೆಯಾಡುತ್ತಿತ್ತು. ಊದುಗೊಳವೆ ಬಾಯಿಗಿಟ್ಟು ಊದಿದೆ. ಗಾಳಿ ಕೊಳವೆಯೊಳಗೆ ಹೋಗಲಿಲ್ಲ, ತುಟಿಯ ಎಡತುದಿಯಿಂದ ಹಾರಿಹೋಯಿತು. ಮತ್ತೆ ಊದಿದೆ. ಮತ್ತೆ ಅದೇ. ಕೊಳವೆ ಸೀಳಿರಬೇಕೆಂದು ತಿರುಗಿಸಿ ನೋಡಿ ಅದನ್ನೇ ಬೈದೆ. ಅತ್ತೆ ಬಂದು ಅದೇ ಕೊಳವೆಯಿಂದ ಒಂದು ಸಲ ಊದಿದರು. ಒಲೆ ಭಗ್ಗೆಂದು ಹತ್ತಿತು. ಆ ಬೆಳಕಿನಲ್ಲಿ ನನ್ನ ಮುಖ ನೋಡಿದರು.

"ಯವ್ವಾ, ಬಾಯಿ ಯಾಕ ಸೊಟ್ಟ ಮಾಡೀದಿ?"

ನಾನು ಮಾಡಿರಲಿಲ್ಲ.

ನನ್ನ ಯಜಮಾನರಿಗೆ ನಮ್ಮೂರು ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ದಲ್ಲಾಳಿ ವ್ಯಾಪಾರ. ಸುದ್ದಿ ಮುಟ್ಟಿದ್ದೇ ತಕ್ಕಡಿ ಬಿಟ್ಟು ಓಡಿಬಂದು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಆಂಧ್ರದ ಕರಾವಳಿ ಕಡೆಯಿಂದ ಹೊಸದಾಗಿ ಬಂದವರು, ಬಾಯಿ ತೆರೆದರೆ ತೆಲುಗು. "ಫೇಶಿಯಲ್ ಪ್ಯಾರಾಲಿಸಿಸ್" ಎಂದರು. ಪಾರ್ಶ್ವವಾಯು ಎಂದುಕೊಂಡು ಯಜಮಾನರು ಬೆಂಚಿನ ಮೇಲೆ ಕುಸಿದರು. ಕೈಕಾಲಿಗೆ ಏನೂ ಆಗುವುದಿಲ್ಲ, ಮುಖದ ಒಂದು ನರ್ವ್ ಮಾತ್ರ ಕೆಟ್ಟಿದೆ, ಬಹಳ ಜನಕ್ಕೆ ವಾಸಿಯಾಗುತ್ತದೆ, ನಿಮಗೆ ಪೂರ್ತಿ ಆಗುತ್ತದೋ ಇಲ್ಲವೋ ಈಗ ಹೇಳಲಾರೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇಂಜೆಕ್ಷನ್ ಬರೆದರು. ಮುಚ್ಚಲಾರದ ಕಣ್ಣಿಗೆ ಡ್ರಾಪ್ಸ್ ಕೊಟ್ಟರು. ಕಡೆಗೆ, ಕನ್ನಡಿ ಮುಂದೆ ಕೂತು ಕೆನ್ನೆ ಉಬ್ಬಿಸಬೇಕು, ಹುಬ್ಬು ಎತ್ತಬೇಕು ಎಂದು ತಾವೇ ಮಾಡಿ ತೋರಿಸಿದರು.

"ಆಮೇಲೆ ನವ್ವಾಲಮ್ಮಾ. ರೋಜೂ ನವ್ವಾಲಿ."

ದಿನವೂ ನಗಬೇಕಂತೆ. ಆ ಹೊತ್ತಿನಲ್ಲಿ ಅವರಿಗೆ ಹೊಡೆಯಬೇಕೆನಿಸಿತು.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಗೆಳತಿಯರನ್ನು ಬಾಗಿಲಲ್ಲೇ ತಡೆಯಿಸಿದ್ದು. ಪಕ್ಕದ ಮನೆಯ ಸಿದ್ದಮ್ಮ ಒಬ್ಬಳು. ಹಿಂದಿನ ಓಣಿಯ ಮಸ್ತಾನ್‌ಬಿ ಇನ್ನೊಬ್ಬಳು, ಜಿನ್ನಿಂಗ್ ಮಿಲ್ಲಿನ ಮೇಸ್ತ್ರಿಯ ಹೆಂಡತಿ. ಊಟವಾದ ಮೇಲೆ ಮೂವರೂ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ನಾವು ಬತ್ತಿ ಹೊಸೆಯುತ್ತೇವೆ ಎಂದು ಊರು ನಂಬಿತ್ತು. ನಾವು ಮಾಡುತ್ತಿದ್ದದ್ದು ನಗುವುದೊಂದೇ. ಆ ಕಟ್ಟೆಯ ಮೇಲೆ ಈ ಮುಖ ಹೊತ್ತು ಕೂಡುವುದು ನನ್ನಿಂದಾಗದು ಎನಿಸಿತು. "ಅಮ್ಮ ಎದ್ದಾಳಂತ ಹೇಳ್ರಿ, ಸಿಡುಬು ಅಂದ್ರ ಯಾರೂ ಬರಂಗಿಲ್ಲ" ಎಂದು ಅತ್ತೆಗೆ ಹೇಳಿಕೊಟ್ಟೆ. "ದೇವಿ ಹೆಸರಲೆ ಸುಳ್ಳು ಹೇಳಬಾರದು. ಜ್ವರ ಅಂತೀನಿ" ಎಂದರು ಅವರು.

ಕನ್ನಡಿ ಮುಂದೆ ಕೂತೆ. ಕಾರಣವಿಲ್ಲದೆ ನಗುವುದು ಹೇಗೆ? ಹಲ್ಲು ಬಿಟ್ಟರೆ ಅದು ನಗುವಲ್ಲ. ಕೊನೆಗೆ ಎಮ್ಮಿಗನೂರಿನ ಸೀರೆ ನೆನಪಿಗೆ ಬಂತು.

ಮೂವರೂ ಬಸ್ಸಿನಲ್ಲಿ ಎಮ್ಮಿಗನೂರಿಗೆ ಹೋಗಿ, ನೇಕಾರರ ಮನೆಯ ಜಗುಲಿಯಲ್ಲಿ ಅರ್ಧ ದಿನ ಜಗಳಾಡಿ, ಯಾರೊಬ್ಬರೂ ಸೋಲದೆ ಒಂದೇ ತರಹದ ಮೂರು ಹಸಿರು ಸೀರೆ ತಂದಿದ್ದೆವು. ಉಟ್ಟ ಮೊದಲ ದಿನ ಅತ್ತೆ ಹಿತ್ತಲಿಗೆ ಬಂದು ಸಿದ್ದಮ್ಮನ ಬೆನ್ನು ನೋಡಿ, "ಹಾಲು ಉಕ್ಕಿ ಒಲಿಪಾಲಾತು, ಇಲ್ಲಿ ಹರಟಿ ಹೊಡಿಯಾಕ ಕುಂತೀಯೇನ?" ಎಂದು ಹರಿಹಾಯ್ದರು. ಸಿದ್ದಮ್ಮ ತಿರುಗಲಿಲ್ಲ. ಸೆರಗು ಮುಂದಕ್ಕೆಳೆದುಕೊಂಡು "ತಪ್ಪಾತ್ರಿ ಅತ್ತಿ" ಎಂದು ತಗ್ಗಿದ ದನಿಯಲ್ಲಿ ಹೇಳಿ, ನೆಟ್ಟಗೆ ನಮ್ಮ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಇಳಿಸಿದಳು. ಹಿತ್ತಲ ಗೋಡೆಯಾಚೆ ನಾನು, ಮಸ್ತಾನ್‌ಬಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು.

ಕನ್ನಡಿಯಲ್ಲಿ ಅರ್ಧ ಮುಖ ನಕ್ಕಿತು. ಇನ್ನರ್ಧ ಸುಮ್ಮನೆ ನೋಡುತ್ತಿತ್ತು.

ಆದರೂ ಬಿಡಲಿಲ್ಲ. ದಿನಕ್ಕೊಂದು ನೆನಪು ತೆಗೆದೆ. ಟಾಕೀಸಿನಲ್ಲಿ ಸಿದ್ದಮ್ಮ ಎದ್ದು ನಿಂತು ಪರದೆಯ ಮೇಲಿದ್ದ ಹುಡುಗಿಗೆ "ಹೋಗಬ್ಯಾಡಬೇ, ಕದದ ಹಿಂದ ನಿಂತಾನ!" ಎಂದು ಕೂಗಿದ್ದು. ಮಳೆ ನಿಂತ ಒಂದು ಸಂಜೆ ಒಂದೇ ಮೊರದಲ್ಲಿ ಮಂಡಕ್ಕಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ತಿಂದದ್ದು. ಆ ಸಂಜೆ ನಗುವಂಥದ್ದೇನೂ ನಡೆಯಲಿಲ್ಲ. ತಿಂದೆವು, ನೀರು ಕುಡಿದೆವು, ಅಷ್ಟೆ. ಆದರೂ ಅದನ್ನು ನೆನೆದಾಗಲೆಲ್ಲ ಜೀವಕ್ಕೆ ಎಷ್ಟು ಹಿತವಾಗುತ್ತಿತ್ತೆಂದರೆ, ಇದನ್ನೆಲ್ಲ ಉಂಡು ಉಟ್ಟು ಬದುಕಿದವಳು ನಾನೇ ಎಂದು ಕನ್ನಡಿಗೆ ಹೇಳಬೇಕೆನಿಸುತ್ತಿತ್ತು.

ಅತ್ತೆಗೆ ಡಾಕ್ಟರು ಹೇಳಿದ ವ್ಯಾಯಾಮದ ವಿಷಯ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಮುಚ್ಚಿದ ಕೋಣೆಯಲ್ಲಿ ಸೊಸೆ ಒಬ್ಬಳೇ ನಗುವುದು ಅವರಿಗೆ ಕೇಳಿಸಿತು. "ಬಾಯಿ ಹೋಗಿತ್ತು, ಈಗ ತಲಿನೂ ಕೆಟ್ಟತು" ಎಂದು ಓಡಿಹೋಗಿ ಗೆಳತಿಯರಿಬ್ಬರನ್ನೂ ಕರೆತಂದರು.

ಬಾಗಿಲು ತೆರೆಯಿತು.

ಸೆರಗು ಎಳೆದುಕೊಳ್ಳಲೂ ಹೊತ್ತು ಸಿಗಲಿಲ್ಲ. ಮಸ್ತಾನ್‌ಬಿ "ಯಾ ಅಲ್ಲಾ" ಎಂದು ನಿಂತುಬಿಟ್ಟಳು. ಸಿದ್ದಮ್ಮ ಎದುರಿಗೆ ಬಂದು ಕೂತಳು. "ಯಾಕ ನಗಾಕತ್ತಿದ್ದಿ?"

ಡಾಕ್ಟರು ಹೇಳಿದ್ದು, ಸೀರೆ, ಟಾಕೀಸು, ಎಲ್ಲವನ್ನೂ ತೊದಲುತ್ತ ಹೇಳಿದೆ. ಸಿದ್ದಮ್ಮನ ಮುಖ ಕೆಂಪಾಯಿತು.

"ಅಲ್ಲಬೇ ಪಾರ್ವತಿ, ನಮ್ಮನ್ನ ನೆನಸ್ಕೊಂಡು ನೀ ಒಬ್ಬಾಕಿನ ನಗ್ತಿ, ನಮಗ ಜ್ವರ ಅಂತ ಹೇಳಿಸ್ತಿ. ನಾವೇನು ಸತ್ತೀವೇನ?"

ಹಾಗೆಂದು ಅಳತೊಡಗಿದಳು. ನನಗೂ ಅಳು ಬಂತು. "ಇಬ್ರೂ ಅಳಕೋತ ಕುಂತ್ರ ನರ ಸರಿಯಾಗ್ತೈತೇನ?" ಎಂದು ಮಸ್ತಾನ್‌ಬಿ ಗದರಿ, ಕನ್ನಡಿ ಕಸಿದುಕೊಂಡು, ವ್ಯಾಯಾಮ ಹೇಗೆಂದು ಕೇಳಿ, ತಾನೇ ಕೆನ್ನೆ ಉಬ್ಬಿಸಿದಳು. ಬಾಯಲ್ಲಿ ಎಲೆಅಡಿಕೆ ಇದ್ದದ್ದು ಅವಳಿಗೆ ಮರೆತುಹೋಗಿತ್ತು. ಕನ್ನಡಿ, ಗೋಡೆ, ಸಿದ್ದಮ್ಮನ ಸೆರಗು, ಎಲ್ಲ ಕೆಂಪು. ಬಾಗಿಲಲ್ಲಿ ನಿಂತಿದ್ದ ಅತ್ತೆ, ಹುಚ್ಚು ಮೂವರಿಗೂ ಹಿಡಿಯಿತೆಂದು ಹಣೆ ಬಡಿದುಕೊಂಡರು.

ಮರುದಿನದಿಂದ ಮತ್ತೆ ಕಟ್ಟೆ. ಅಲ್ಲಿಗೆ ಕನ್ನಡಿ ಯಾರೂ ಒಯ್ಯಲಿಲ್ಲ. ಹಾಗಾಗಿ ಕೆನ್ನೆ ಯಾವಾಗ ಮೊದಲು ಅಲುಗಿತೆಂದು ಕೇಳಿದರೆ ಹೇಳಲಾರೆ. ಒಂದು ದಿನ ಕುಡಿದ ಚಹಾ ಸೋರಲಿಲ್ಲ. ಆಮೇಲೆ ಕಣ್ಣು ಮುಚ್ಚಿತು. ದಣಿದಾಗ ಬಾಯಿಯ ಎಡತುದಿ ಈಗಲೂ ಸ್ವಲ್ಪ ಜೋಲುತ್ತದೆ. ಇರಲಿ, ದೇವರು ಇಷ್ಟು ಕೊಟ್ಟದ್ದೇ ದೊಡ್ಡದು.

ಕಳೆದ ವಾರ ಆಸ್ಪತ್ರೆಗೆ ತೋರಿಸಲು ಹೋಗಿದ್ದೆ. ಡಾಕ್ಟರು ಹುಬ್ಬು ಎತ್ತಿಸಿದರು, ಕೆನ್ನೆ ಉಬ್ಬಿಸಲು ಹೇಳಿದರು. "ಏದೀ, ನಗು ನೋಡೋಣ" ಎಂದರು. ಔಷಧಿ ವಾಸನೆಯ ಆ ಕೋಣೆಯಲ್ಲಿ ಎಷ್ಟು ಎಳೆದರೂ ತುಟಿ ಏಳಲಿಲ್ಲ. ಡಾಕ್ಟರ ಮುಖ ಸಣ್ಣದಾಯಿತು.

"ಹೊರಗ ಬೆಂಚಿನ ಮ್ಯಾಲ ಇಬ್ಬರು ಕುಂತಾರ್ರಿ" ಎಂದೆ. "ಅವರನ್ನ ಒಳಗ ಕರೀರಿ."

ಕಾಂಪೌಂಡರ್ ಕರೆಯಲು ಹೋದ. ಅವರು ಹೊಸ್ತಿಲು ದಾಟುವ ಮೊದಲೇ ನಾನು ನಕ್ಕಿದ್ದೆ.