ಒಂದು ಕಿಲೋಮೀಟರಿನ ಸಂಕಲ್ಪ

ಸಂಕಲ್ಪ ಸಣ್ಣದಿದ್ದರೆ ನೆರವೇರುತ್ತದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಂಬಿದ್ದರು. ದಿನವೂ ನಡೆದಾಡದಿದ್ದರೆ ಇನ್ಸುಲಿನ್ನೇ ಗತಿ ಎಂದು ಡಾಕ್ಟರು ಹೆದರಿಸಿದ್ದರಿಂದ ನಾನೂ ನಂಬಿದೆ. ಹೊಸ ವರ್ಷದಿಂದ ಮೊರಬದ ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗೆ ಒಂದು ಕಿಲೋಮೀಟರು ನಡೆಯುವುದು, ಅಷ್ಟೇ.

ಮೊದಲ ದಿನ ನೂರು ಹೆಜ್ಜೆ ಇಟ್ಟಿರಲಿಲ್ಲ, ಗುರುತಿಲ್ಲದ ರೈತರೊಬ್ಬರು ಬೈಕ್ ನಿಲ್ಲಿಸಿದರು.

"ಹತ್ರಿ ಮಾಸ್ತರ."

"ಬ್ಯಾಡ್ರಿ ಕಾಕಾ, ನಡಕೋತ ಹೋಗ್ತೀನಿ."

"ಮಾಸ್ತರನ್ನ ನಡಸಿ ನಾ ಗಾಡಿ ಮ್ಯಾಲ ಹೋದ್ರ ಮಂದಿ ಏನಂತಾರ್ರಿ?"

ಬೇರೆ ದಾರಿ ಕಾಣದೆ ನಿಜ ಹೇಳಿದೆ. "ಶುಗರ್ ಐತ್ರಿ. ಅದಕ್ಕ ನಡೀಬೇಕು."

ಅವರು ಗಾಡಿ ಬಂದ್ ಮಾಡಿ ಇಳಿದು ನನ್ನ ಚೀಲ ಕಸಿದುಕೊಂಡರು. "ಜಡ್ಡಾಗಿ ನಡೀತೀರೇನ್ರಿ? ಅಗದಿ ಹುಚ್ಚರಿದ್ದೀರಿ. ಹತ್ರಿ ಮೊದಲ."

ಹತ್ತಿದೆ. ಮರುದಿನದ ಹೊತ್ತಿಗೆ ಮಾಸ್ತರಿಗೆ ಆರಾಮಿಲ್ಲವೆಂದು ಇಡೀ ಊರಿಗೆ ಗೊತ್ತಿತ್ತು. ನಾನು ಬಸ್ಸಿನಿಂದ ಇಳಿಯುವಾಗ ಯಾರಾದರೊಬ್ಬರು ಬೈಕ್ ತಂದು ಕಾಯುತ್ತಿದ್ದರು, ಹೆಗಲು ಹಿಡಿದು ಕೂರಿಸುತ್ತಿದ್ದರು. ಮೊದಮೊದಲು ಶಾಲೆಯ ಗೇಟಿನಲ್ಲಿ ಇಳಿಸುತ್ತಿದ್ದವರು ಆಮೇಲೆ ತರಗತಿಯ ಬಾಗಿಲಿಗೇ ಬಿಡತೊಡಗಿದರು. ಇಷ್ಟು ಪ್ರೀತಿಯ ಮೇಲೆ ಯಾರಿಗೆ ದೂರು ಕೊಡುವುದು?

ಮಾರ್ಚ್ ತಿಂಗಳಲ್ಲಿ ಡಾಕ್ಟರು ಇನ್ಸುಲಿನ್ ಬರೆದರು.